ಫೈರ್ ಪಂಪಿನ ಪ್ಯಾನೆಲ್ ಯಾರ ಕೈಗೆ? ಕಾಸರಗೋಡಿನ ಕಟ್ಟಡಗಳನ್ನು ನೋಡಿಕೊಳ್ಳುವವರಿಗೆ ಒಂದು ಹೋಲಿಕೆ

ಮಂಜೇಶ್ವರದಿಂದ ಹೊಸದುರ್ಗದವರೆಗೆ ಹೆದ್ದಾರಿಯ ಬದಿಯಲ್ಲಿ ಎದ್ದಿರುವ ದೊಡ್ಡ ಫ್ಲ್ಯಾಟು, ಆಸ್ಪತ್ರೆ, ವಾಣಿಜ್ಯ ಸಂಕೀರ್ಣಗಳಲ್ಲಿ ನೀರಿನ ತೊಟ್ಟಿಯ ಪಕ್ಕಕ್ಕೆ ಒಂದು ಫೈರ್ ಪಂಪ್ ಕೋಣೆ ಇರುತ್ತದೆ. ಬೆಂಕಿ ಆರಿಸಲು ಪೈಪುಗಳಿಗೆ ನೀರು ತಳ್ಳುವ ಪಂಪುಗಳೂ, ಅವನ್ನು ನಡೆಸುವ ವಿದ್ಯುತ್ ಪೆಟ್ಟಿಗೆಯಾದ ಪ್ಯಾನೆಲೂ ಅದರಲ್ಲಿರುತ್ತವೆ. ಅದರ ಸರ್ವಿಸಿಗೆ ಯಾರನ್ನು ಕರೆಯಬೇಕೆಂಬ ಪ್ರಶ್ನೆ ಬಂದಾಗ ಮಾಲೀಕರ ಸಂಘದ ಕಾರ್ಯದರ್ಶಿಯ ಅಥವಾ ಆಸ್ಪತ್ರೆಯ ವ್ಯವಸ್ಥಾಪಕರ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿಗಳಿರುತ್ತವೆ: ಊರಿನಲ್ಲೇ ಇರುವ ವಯರ್‌ಮನ್, ಮೋಟಾರು ರಿವೈಂಡಿಂಗ್ ಮಾಡುವ ಪಂಪ್ ಮೆಕ್ಯಾನಿಕ್, ವಾರ್ಷಿಕ ನಿರ್ವಹಣಾ ಒಪ್ಪಂದದ ಫೈರ್ ಕಂಪೆನಿ, ಮತ್ತು ಪಂಪನ್ನೋ ಪ್ಯಾನೆಲನ್ನೋ ತಯಾರಿಸಿದವರ ಸರ್ವಿಸ್ ಎಂಜಿನಿಯರ್. ಇವರಲ್ಲಿ ಒಬ್ಬರನ್ನು ಆರಿಸುವುದು ಹೆಚ್ಚಾಗಿ ದರಪಟ್ಟಿ ನೋಡಿ. ಆದರೆ ಆ ಕೋಣೆಯಲ್ಲಿ ಕೆಲಸ ಮಾಡುವವನ ಜೀವ ಉಳಿಯುವುದೂ, ಬೆಂಕಿ ಬಿದ್ದ ದಿನ ಪಂಪು ಓಡುವುದೂ ಬೇರೆ ಎರಡು ವಿಷಯಗಳನ್ನು ಅವಲಂಬಿಸಿವೆ. ಪ್ಯಾನೆಲಿನ ಬಾಗಿಲು ತೆರೆಯುವ ವ್ಯಕ್ತಿಗೆ ಅದನ್ನು ತೆರೆಯುವ ಅರ್ಹತೆ ಇದೆಯೇ? ಆ ಪ್ಯಾನೆಲಿಗೆ ಎಲ್ಲೆಲ್ಲಿಂದ ವಿದ್ಯುತ್ ಬರುತ್ತದೆ ಎಂಬುದು ಅವನಿಗೆ ತಿಳಿದಿದೆಯೇ? ನಾಲ್ಕು ದಾರಿಗಳನ್ನು ನಾನು ಇಲ್ಲಿ ಈ ಅಳತೆಯಿಂದಲೇ ಹೋಲಿಸುತ್ತೇನೆ.

ಈ ಪ್ಯಾನೆಲ್ ಏಕೆ ಬೇರೆ

ಮನೆಯ ಬಾವಿಯ ಪಂಪಿಗೂ ತೋಟದ ಪಂಪಿಗೂ ಹೊಂದುವ ಅನುಭವ ಫೈರ್ ಪಂಪಿಗೆ ಸಾಲುವುದಿಲ್ಲ. ಬೆಂಕಿ ಬಿದ್ದಾಗ ಅಗ್ನಿಶಾಮಕ ದಳದವರು ಮೊದಲು ಮಾಡಿಸುವ ಕೆಲಸಗಳಲ್ಲಿ ಕಟ್ಟಡದ ವಿದ್ಯುತ್ ಕಡಿಯುವುದೂ ಒಂದು. ಆಗಲೂ ಹೈಡ್ರಂಟಿಗೆ (ಬೆಂಕಿ ಆರಿಸುವ ಹೋಸ್ ಜೋಡಿಸುವ ನಳಕ್ಕೆ) ನೀರು ಬರಬೇಕು. ಆದ್ದರಿಂದ ಫೈರ್ ಪಂಪಿನ ಸರಬರಾಜನ್ನು ಕಟ್ಟಡದ ಉಳಿದ ವಯರಿಂಗಿನಿಂದ ಬೇರ್ಪಡಿಸಿ, ಉಳಿದದ್ದನ್ನೆಲ್ಲ ಆಫ್ ಮಾಡಿದರೂ ಇದೊಂದು ಜೀವಂತವಾಗಿರುವಂತೆ ಪ್ರತ್ಯೇಕ ಕೇಬಲಿನಲ್ಲಿ ತರಲಾಗುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗದ ಆಶಯವೂ ಇದೇ. ಇದರ ಪರಿಣಾಮವನ್ನು ಸರ್ವಿಸಿಗೆ ಬಂದವನ ಕಣ್ಣಿನಿಂದ ನೋಡಬೇಕು. ಅವನು ಕೆಳಗಿನ ಮೇನ್ ಸ್ವಿಚ್ ಆಫ್ ಮಾಡುತ್ತಾನೆ, ಕೋಣೆಯ ದೀಪವೂ ಆರುತ್ತದೆ, ಎಲ್ಲ ಸತ್ತಿದೆ ಎಂದುಕೊಳ್ಳುತ್ತಾನೆ. ಆದರೆ ಪಂಪ್ ಪ್ಯಾನೆಲಿನ ಬಸ್‌ಬಾರಿನಲ್ಲಿ, ಅಂದರೆ ವಿದ್ಯುತ್ ಹರಿಯುವ ಲೋಹದ ಪಟ್ಟಿಯಲ್ಲಿ, 415 ವೋಲ್ಟ್ ಹಾಗೆಯೇ ಇರುತ್ತದೆ. ಕೆಎಸ್‌ಇಬಿಯ (ಕೇರಳದ ವಿದ್ಯುತ್ ಮಂಡಳಿಯ) ಲೈನು ಹೋಗಿರುವ ಹೊತ್ತನ್ನೇ ಕೆಲಸಕ್ಕೆ ಆರಿಸಿಕೊಳ್ಳುವುದೂ ಇದೇ ಬಗೆಯ ತಪ್ಪು ನಂಬಿಕೆ. ಲೈನು ಹೋದ ಕೆಲವೇ ಸೆಕೆಂಡುಗಳಲ್ಲಿ ಜನರೇಟರು ತಾನಾಗಿ ಎದ್ದು, ಸರಬರಾಜಿನ ಮೂಲ ಬದಲಿಸುವ ಚೇಂಜ್‌ಓವರ್ ಸ್ವಿಚ್ಚಿನ ಮೂಲಕ ಅದೇ ಪ್ಯಾನೆಲಿಗೆ ವಿದ್ಯುತ್ ಹರಿಸುತ್ತದೆ.

ಇದರ ಮೇಲೆ ಇನ್ನೊಂದು ಅಪಾಯವಿದೆ. ಈ ಪಂಪು ಯಾರೂ ಬಟನ್ ಒತ್ತದೆ ಓಡತೊಡಗುವಂಥದ್ದು. ಪೈಪಿನ ಒತ್ತಡ ಇಳಿದರೆ ಪ್ರೆಷರ್ ಸ್ವಿಚ್ ಮೊದಲು ಜಾಕಿ ಪಂಪನ್ನು (ಪೈಪಿನ ಒತ್ತಡ ಕಾಯುವ ಚಿಕ್ಕ ಪಂಪು), ಅದೂ ಸಾಲದಿದ್ದರೆ ಮುಖ್ಯ ಪಂಪನ್ನು ಚಾಲೂ ಮಾಡುತ್ತದೆ. ಮೇಲಿನ ಮಹಡಿಯಲ್ಲಿ ಯಾರೋ ಹೋಸ್ ರೀಲಿನ ವಾಲ್ವ್ ತಿರುಗಿಸಿದರೆ, ಕೆಳಗೆ ಕಪ್ಲಿಂಗಿನ ಮೇಲೆ ಕೈಯಿಟ್ಟಿರುವ ಮನುಷ್ಯನಿಗೆ ಯಾವ ಮುನ್ಸೂಚನೆಯೂ ಸಿಗುವುದಿಲ್ಲ.

ವಿದ್ಯುತ್ ಒಳಬರುವ ಚಿಕ್ಕ ಹಾದಿಗಳೂ ಇವೆ, ಹೆಚ್ಚು ಮೋಸ ಮಾಡುವವೂ ಇವೇ. ನಮ್ಮ ಕರಾವಳಿಯ ತೇವದಲ್ಲಿ ಮೋಟಾರಿನ ಸುರುಳಿಗೆ ನೀರು ಕಟ್ಟದಿರಲೆಂದು ಒಳಗೆ ಒಂದು ಸಣ್ಣ ಹೀಟರ್ ಕೂರಿಸಿರುವುದುಂಟು. ಮೋಟಾರು ನಿಂತಿರುವಾಗ ಬಿಸಿಯಾಗಿರುವುದೇ ಅದರ ಕೆಲಸವಾದ್ದರಿಂದ, ಪಂಪಿನ ಸ್ವಿಚ್ ಆಫ್ ಇರುವಾಗಲೇ ಅದು ಚಾಲೂ ಇರುತ್ತದೆ, ಅದರ ಸರಬರಾಜು ಬರುವುದೂ ಹೆಚ್ಚಾಗಿ ದೀಪದ ಬೋರ್ಡಿನಿಂದ. ವಿದ್ಯುತ್ ಪಂಪಿಗೆ ಬದಲಿಯಾಗಿ ಇಟ್ಟಿರುವ ಡೀಸೆಲ್ ಪಂಪಿನ ಬ್ಯಾಟರಿ ಚಾರ್ಜರಿಗೆ ಇನ್ನೊಂದು ಲೈನು. ಫೈರ್ ಅಲಾರಂ ಪ್ಯಾನೆಲಿನಿಂದ ಬರುವ ಸಂಜ್ಞೆಯ ತಂತಿಗಳು ಬೇರೆ. ಪವರ್ ಫ್ಯಾಕ್ಟರಿನ ಕೆಪಾಸಿಟರ್ ಇದ್ದಲ್ಲಿ, ಸ್ವಿಚ್ ಆಫ್ ಮಾಡಿದ ಮೇಲೂ ಅದರಲ್ಲಿ ಕೆಲವು ನಿಮಿಷ ಚಾರ್ಜು ಉಳಿಯುತ್ತದೆ.

ರಕ್ಷಣೆಯ ತರ್ಕವೂ ಇಲ್ಲಿ ತಲೆಕೆಳಗು. ಸಾಮಾನ್ಯ ಮೋಟಾರಿಗೆ ಹೊರೆ ಹೆಚ್ಚಾದರೆ ಓವರ್‌ಲೋಡ್ ರಿಲೇ ಅದನ್ನು ನಿಲ್ಲಿಸಿ ಮೋಟಾರನ್ನು ಉಳಿಸುತ್ತದೆ. ಫೈರ್ ಪಂಪಿನಲ್ಲಿ ಉಳಿಸಬೇಕಾದದ್ದು ಕಟ್ಟಡದ ಜನರನ್ನು, ಮೋಟಾರನ್ನಲ್ಲ. ಆದ್ದರಿಂದ ಅದು ಅಷ್ಟು ಸುಲಭವಾಗಿ ಟ್ರಿಪ್ ಆಗದಂತೆ, ಶಾರ್ಟ್ ಸರ್ಕ್ಯೂಟಿಗೆ ಮಾತ್ರ ಕಡಿಯುವಂತೆ ಹೊಂದಿಸುವುದು ಈ ಕ್ಷೇತ್ರದ ರೂಢಿ. ಇದನ್ನು ತಿಳಿಯದ ಕೆಲಸಗಾರ ಒಳ್ಳೆಯ ಮನಸ್ಸಿನಿಂದಲೇ ಒಂದು ಓವರ್‌ಲೋಡ್ ರಿಲೇ ಜೋಡಿಸಿ, ಬೆಂಕಿಯ ನಡುವೆ ಪಂಪು ನಿಲ್ಲುವಂತೆ ಮಾಡಿಬಿಡಬಹುದು.

ಕಾನೂನು ಕೇಳುವ ಅರ್ಹತೆ

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿ 2010ರಲ್ಲಿ ಬಂದು, 2023ರಲ್ಲಿ ಹೊಸ ರೂಪ ಪಡೆಯಿತು. ಅದರ ಪ್ರಕಾರ ಗ್ರಾಹಕನ ಸ್ಥಳದಲ್ಲಿ ವಿದ್ಯುತ್ ವ್ಯವಸ್ಥೆಯ ಜೋಡಣೆ, ಬದಲಾವಣೆ, ದುರಸ್ತಿಗಳು ಮೂರು ಹಂತದ ಅರ್ಹತೆಯಡಿ ನಡೆಯಬೇಕು: ಕೆಲಸ ಹಿಡಿಯುವವರು ರಾಜ್ಯ ಸರಕಾರದ ಪರವಾನಗಿ ಪಡೆದ ಗುತ್ತಿಗೆದಾರರಾಗಿರಬೇಕು, ಮೇಲ್ವಿಚಾರಣೆ ಮಾಡುವವರಲ್ಲಿ ಸಾಮರ್ಥ್ಯ ಪ್ರಮಾಣಪತ್ರ ಇರಬೇಕು, ಕೈಯಾರೆ ಕೆಲಸ ಮಾಡುವವರಲ್ಲಿ ಸರಕಾರ ನೀಡಿದ ಅಥವಾ ಮಾನ್ಯಮಾಡಿದ ಪರ್ಮಿಟ್ ಇರಬೇಕು. ಕೇರಳದಲ್ಲಿ ಈ ಮೂರನ್ನೂ ಕೊಡುವುದು ರಾಜ್ಯ ವಿದ್ಯುತ್ ಲೈಸೆನ್ಸಿಂಗ್ ಬೋರ್ಡ್. 250 ವೋಲ್ಟಿನೊಳಗಿನ ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವಂಥ ಚಿಲ್ಲರೆ ಕೆಲಸಗಳಿಗೆ ವಿನಾಯಿತಿ ಇದೆ. ಮೂರು ಫೇಸಿನ ಫೈರ್ ಪಂಪು ಆ ವಿನಾಯಿತಿಯ ಒಳಗೆ ಬರುವುದಿಲ್ಲ.

ಅದೇ ನಿಯಮಾವಳಿ ಇನ್ನೂ ಎರಡು ಮಾತು ಹೇಳುತ್ತದೆ. ವಿದ್ಯುತ್ ಇರುವಾಗಲೇ ಕೆಲಸ ಮಾಡುವ ಅಧಿಕಾರ ಅದಕ್ಕೆಂದೇ ನೇಮಿಸಲ್ಪಟ್ಟ ವ್ಯಕ್ತಿಗೆ ಮಾತ್ರ, ಅವನಿಗೆ ನೆರವಾಗುವವನಿಗೂ ಇದೇ ಷರತ್ತು. ಅಪಾಯದ ಫಲಕವನ್ನು ಜಿಲ್ಲೆಯ ಸ್ಥಳೀಯ ಭಾಷೆಯಲ್ಲೂ ಬರೆದಿರಬೇಕು. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಕನ್ನಡವನ್ನೇ ಓದುವ ಕೆಲಸಗಾರರಿದ್ದಾರೆ, ಹಿಂದಿ ಮಾತ್ರ ಬಲ್ಲ ಉತ್ತರದ ಹುಡುಗರೂ ಬಂದಿದ್ದಾರೆ. ಮಲಯಾಳದ ಜತೆ ಕನ್ನಡದಲ್ಲೂ ಹಿಂದಿಯಲ್ಲೂ ಫಲಕ ಹಾಕಿಸುವುದು ಅತ್ಯಲ್ಪ ಖರ್ಚಿನಲ್ಲಿ ಆಗುವ ರಕ್ಷಣೆ.

ಗಡಿಯ ಪ್ರಶ್ನೆಯನ್ನು ನಾವು ಹೆಚ್ಚಾಗಿ ಯೋಚಿಸುವುದೇ ಇಲ್ಲ. ಉಪ್ಪಳದವರಿಗೂ ಹೊಸಂಗಡಿಯವರಿಗೂ ಮಂಗಳೂರು ಹತ್ತಿರ, ಮಾತೂ ಒಂದೇ, ಬೇಕಾದ ಬಿಡಿಭಾಗವೂ ಅಲ್ಲಿ ಬೇಗ ಸಿಗುತ್ತದೆ. ಆದ್ದರಿಂದ ತಲಪಾಡಿ ದಾಟಿ ಬರುವ ತಂತ್ರಜ್ಞರನ್ನು ಕರೆಯುವುದು ಸಹಜ. ಆದರೆ ಗುತ್ತಿಗೆದಾರರ ಪರವಾನಗಿ ಆಯಾ ರಾಜ್ಯ ಸರಕಾರದ್ದು. ಕರ್ನಾಟಕದ ಪರವಾನಗಿ ತೋರಿಸುವವರು ಎಷ್ಟೇ ನಿಪುಣರಾಗಿರಲಿ, ಆ ಪತ್ರ ಕೇರಳದ ಕೆಲಸಕ್ಕೆ ಮಾನ್ಯವೇ ಎಂಬುದನ್ನು ಕಾಸರಗೋಡಿನ ವಿದ್ಯುತ್ ಪರಿವೀಕ್ಷಕರ ಕಚೇರಿಯಲ್ಲಿ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಬೇಕು. ಅಪಘಾತವೋ ವಿಮೆಯ ವಿವಾದವೋ ಎದುರಾದ ಮೇಲೆ ಕೇಳಿದರೆ ಆ ಉತ್ತರದಿಂದ ಪ್ರಯೋಜನವಿಲ್ಲ.

ಪರ್ಮಿಟ್ ಇರುವುದೇ ಅರ್ಹತೆಯ ಪೂರ್ಣ ಅರ್ಥವಲ್ಲ ಎಂಬುದನ್ನೂ ಸೇರಿಸಬೇಕು. ಅಮೆರಿಕದ ಎನ್‌ಎಫ್‌ಪಿಎ 70ಇ ಎಂಬ ಸುರಕ್ಷತಾ ಮಾನದಂಡ ನಮ್ಮಲ್ಲಿ ಕಾನೂನಲ್ಲ. ಆದರೂ ಅದು ಹಾಕುವ ಗೆರೆ ನನಗೆ ಸರಿಯೆನಿಸುತ್ತದೆ. ಅದರ ದೃಷ್ಟಿಯಲ್ಲಿ ಅರ್ಹ ವ್ಯಕ್ತಿ ಎಂದರೆ ನಿರ್ದಿಷ್ಟವಾದ ಆ ಉಪಕರಣದ ರಚನೆಯನ್ನೂ ಕೆಲಸವನ್ನೂ ಬಲ್ಲವನು, ಅದರ ಅಪಾಯಗಳನ್ನು ಗುರುತಿಸಿ ತಪ್ಪಿಸುವ ತರಬೇತಿ ಪಡೆದವನು. ಹೀಗಾಗಿ ಒಬ್ಬನೇ ಮನುಷ್ಯ ಮನೆಯ ವಯರಿಂಗಿಗೆ ಪೂರ್ಣ ಅರ್ಹನಾಗಿದ್ದು, ಈ ಪ್ಯಾನೆಲಿಗೆ ಅರ್ಹನಲ್ಲದೆ ಇರಬಹುದು.

ಊರಿನ ವಯರ್‌ಮನ್

ಇವರ ದೊಡ್ಡ ಗುಣ ಹತ್ತಿರದಲ್ಲಿರುವುದು. ರಾತ್ರಿ ಜಾಕಿ ಪಂಪು ನಿಲ್ಲದೆ ಓಡುತ್ತಿದೆ ಎಂದರೆ ಅರ್ಧ ಗಂಟೆಯಲ್ಲಿ ಬರುತ್ತಾರೆ, ಕಟ್ಟಡದ ಕೇಬಲು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಅನೇಕ ಬಾರಿ ಇವರಿಗೆ ನಕ್ಷೆಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕೇರಳದ ವಯರ್‌ಮನ್ ಪರ್ಮಿಟ್ ಇದ್ದು, ಪರವಾನಗಿ ಇರುವ ಗುತ್ತಿಗೆದಾರರ ಅಡಿಯಲ್ಲಿ ಕೆಲಸ ಮಾಡುವವರಾದರೆ ಕಾನೂನಿನ ಮೊದಲ ಷರತ್ತು ಮುಗಿಯಿತು. ಕೇಬಲಿನ ಗ್ಲಾಂಡು, ಟರ್ಮಿನಲ್ ಬಿಗಿ, ಅರ್ಥಿಂಗ್ ಸಂಪರ್ಕ, ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಪರೀಕ್ಷೆಗಳನ್ನು ನಾನು ಯಾವ ಅಳುಕೂ ಇಲ್ಲದೆ ಇಂಥವರಿಗೇ ಒಪ್ಪಿಸುತ್ತೇನೆ.

ಇಲ್ಲಿಯ ಉಪ್ಪುಗಾಳಿ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಈ ಕೆಲಸಗಳು ಚಿಕ್ಕವಲ್ಲ. ತಾಮ್ರದ ಟರ್ಮಿನಲುಗಳಿಗೆ ಹಸಿರು ಕಿಲುಬು ಹತ್ತುತ್ತದೆ, ಸಡಿಲ ಜೋಡಣೆ ಕಾಯುತ್ತದೆ, ನೆಲಮಾಳಿಗೆಯ ಮೋಟಾರಿನ ಇನ್ಸುಲೇಶನ್ ತೇವ ಹೀರುತ್ತದೆ. 415 ವೋಲ್ಟಿನ ಮೋಟಾರನ್ನು 500 ವೋಲ್ಟ್ ಮೆಗ್ಗರಿನಿಂದ ಪರೀಕ್ಷಿಸಿದಾಗ 1 ಮೆಗಾಓಮಿಗಿಂತ ಕಡಿಮೆ ಬಂದರೆ ಅದನ್ನು ಒಣಗಿಸದೆ ಓಡಿಸಬಾರದು. ಪತ್ತನಾಜೆಗೆ (ಮೇ ತಿಂಗಳ ಕೊನೆಯ ಭಾಗ) ಮುನ್ನ ಒಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ ಈ ಅಳತೆ ತೆಗೆದು ಪುಸ್ತಕದಲ್ಲಿ ಬರೆದಿಡುವ ಕಟ್ಟಡದಲ್ಲಿ ಮೋಟಾರು ಕೆಡುವ ಸೂಚನೆ ತಿಂಗಳುಗಳ ಮೊದಲೇ ಸಿಗುತ್ತದೆ. ಮೆಗ್ಗರ್ ಹಾಕುವ ಮೊದಲು ಎಲೆಕ್ಟ್ರಾನಿಕ್ ಕಂಟ್ರೋಲರ್ ಅಥವಾ ಮೋಟಾರನ್ನು ನಿಧಾನವಾಗಿ ಎಬ್ಬಿಸುವ ಸಾಫ್ಟ್ ಸ್ಟಾರ್ಟರಿನ ತಂತಿಗಳನ್ನು ಬಿಚ್ಚಿರಬೇಕು. ಇಲ್ಲದಿದ್ದರೆ ಪರೀಕ್ಷೆಯ ವೋಲ್ಟೇಜೇ ಅವುಗಳನ್ನು ಸುಡಬಲ್ಲದು.

ಇವರ ಮಿತಿ ಕಂಟ್ರೋಲ್ ಸರ್ಕ್ಯೂಟಿನಲ್ಲಿ ಕಾಣುತ್ತದೆ. ಪ್ರೆಷರ್ ಸ್ವಿಚ್ಚಿನ ಹೊಂದಿಕೆ, ಜಾಕಿ ಮತ್ತು ಮುಖ್ಯ ಪಂಪುಗಳ ಸರದಿ, ಡೀಸೆಲ್ ಎಂಜಿನ್ನಿನ ಕ್ರ್ಯಾಂಕ್ ಪ್ರಯತ್ನಗಳ ತರ್ಕಗಳಲ್ಲಿ ಪಳಗದವರು ಅವನ್ನು ಮುಟ್ಟಬಾರದು. ಪಂಪು ಪದೇ ಪದೇ ಓಡಿ ತೊಂದರೆ ಕೊಟ್ಟಾಗ ಸೆಲೆಕ್ಟರನ್ನು ಆಟೋದಿಂದ ಆಫಿಗೆ ತಿರುಗಿಸಿ ಹೋಗುವುದು ಎಲ್ಲಕ್ಕಿಂತ ಸುಲಭದ, ಎಲ್ಲಕ್ಕಿಂತ ಕೆಟ್ಟ ಪರಿಹಾರ.

ಪಂಪ್ ಮೆಕ್ಯಾನಿಕ್

ಇವರ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಗ್ಲಾಂಡ್ ಪ್ಯಾಕಿಂಗ್, ಬೇರಿಂಗ್, ಕಪ್ಲಿಂಗ್ ಜೋಡಣೆ, ಇಂಪೆಲ್ಲರ್, ಫುಟ್‌ವಾಲ್ವುಗಳಿಗೆ ಇವರಷ್ಟು ಒಳ್ಳೆಯ ಕೈ ಬೇರೆ ಸಿಗಲಾರದು, ದರವೂ ಹಗುರ. ಐಟಿಐಯಲ್ಲಿ ಪಂಪ್ ಆಪರೇಟರ್ ಕಮ್ ಮೆಕ್ಯಾನಿಕ್ ಎಂಬ ಟ್ರೇಡೇ ಇದೆ. ಆದರೆ ಅದು ವಿದ್ಯುತ್ ಪರ್ಮಿಟ್ ಅಲ್ಲ. ಮೋಟಾರಿನ ತಂತಿ ಬಿಚ್ಚಿ ಮತ್ತೆ ಕಟ್ಟುವುದು ಅಷ್ಟೇ ತಾನೇ ಎಂದು ಇವರ ಕೈಯಲ್ಲೇ ಅದನ್ನೂ ಮಾಡಿಸುವ ಅಭ್ಯಾಸ ಎಲ್ಲೆಡೆ ಇದೆ, ಅದನ್ನು ಬಿಡಬೇಕು. ಎರಡು ಫೇಸ್ ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ. ಆಗಲೂ ಸೆಂಟ್ರಿಫ್ಯೂಗಲ್ ಪಂಪು ಸ್ವಲ್ಪ ಒತ್ತಡ ತೋರಿಸುವುದರಿಂದ ಗೇಜನ್ನಷ್ಟೇ ನೋಡಿದವನಿಗೆ ಮೋಸವಾಗುತ್ತದೆ. ಹಾಗೆಯೇ ಇವರು ಪಂಪಿನ ಮೇಲೆ ಕೈಯಿಡುವ ಮೊದಲು ವಿದ್ಯುತ್ ಕಡಿದು ಬೀಗ ಹಾಕಿಕೊಡುವ ಹೊಣೆ ಅರ್ಹ ವಯರ್‌ಮನ್ನಿನದು. ವಾಲ್ವ್ ಮುಚ್ಚಿ ಪೈಪಿನ ಒತ್ತಡ ಇಳಿಸಿಕೊಡುವುದೂ ಅದರ ಜತೆಯಲ್ಲೇ ನಡೆಯಬೇಕು.

ಒಪ್ಪಂದದ ಫೈರ್ ಕಂಪೆನಿ

ಹೆಚ್ಚಿನ ದೊಡ್ಡ ಕಟ್ಟಡಗಳು ಕೊನೆಗೆ ಹಿಡಿಯುವುದು ಈ ದಾರಿಯನ್ನೇ. ಇದರಲ್ಲಿ ಒಳ್ಳೆಯದೂ ಹಾನಿಕರವಾದದ್ದೂ ಒಟ್ಟಿಗೇ ಇರುವುದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು. ಒಳ್ಳೆಯದೆಂದರೆ ಇವರಿಗೆ ಇಡೀ ವ್ಯವಸ್ಥೆಯ ಪರಿಚಯ ಇರುತ್ತದೆ. ಫೈರ್ ಪಂಪುಗಳ ಜೋಡಣೆ ಮತ್ತು ನಿರ್ವಹಣೆಗೆಂದೇ ಇರುವ ಐಎಸ್ 15301, ಕಟ್ಟಡದೊಳಗಿನ ಹೈಡ್ರಂಟ್ ಮತ್ತು ಹೋಸ್ ರೀಲಿನ ಐಎಸ್ 3844 ಎಂಬ ಭಾರತೀಯ ಮಾನಕಗಳನ್ನು ಬಲ್ಲವರು ಸಿಗುವ ಸಂಭವ ಇಲ್ಲೇ ಹೆಚ್ಚು. ಪಂಪು ಬರೀ ಓಡಿದರೆ ಸಾಲದು, ನೀರು ಹರಿಸುತ್ತಿರುವಾಗಲೂ ಒತ್ತಡ ಹಿಡಿದುಕೊಳ್ಳಬೇಕೆಂದು ಇವರು ತಿಳಿದಿರುತ್ತಾರೆ. ಫೈರ್ ಪಂಪುಗಳ ವಿಷಯದಲ್ಲಿ ಬಹುಕಾಲದ ಅಳತೆಗೋಲು ಇದು: ನಿಗದಿತ ಹರಿವಿನ 150 ಶೇಕಡಾ ನೀರು ಹೊರಡುವಾಗ ಒತ್ತಡ ನಿಗದಿತದ 65 ಶೇಕಡಾಕ್ಕಿಂತ ಕೆಳಗಿಳಿಯಬಾರದು. ನಿಮಿಷಕ್ಕೆ 2,280 ಲೀಟರಿನ ಪಂಪಾದರೆ 3,420 ಲೀಟರ್ ಹರಿಯುವಾಗ ಈ ಪರೀಕ್ಷೆ. ಮುಚ್ಚಿದ ವಾಲ್ವಿನ ಎದುರು ಪಂಪನ್ನು ಎರಡು ನಿಮಿಷ ಓಡಿಸಿ ರಿಪೋರ್ಟಿಗೆ ಸಹಿ ಹಾಕಿಸಿಕೊಳ್ಳುವ ಕಂಪೆನಿಗೂ ಈ ಪರೀಕ್ಷೆ ಮಾಡಿ ಅಂಕಿ ಬರೆದುಕೊಡುವ ಕಂಪೆನಿಗೂ ಬಹಳ ಅಂತರವಿದೆ.

ಹಾನಿಕರವಾದದ್ದು ಕೆಲಸಕ್ಕೆ ಬರುವ ಮನುಷ್ಯರ ವಿಷಯದಲ್ಲಿ. ಪರವಾನಗಿ ಕಂಪೆನಿಯ ಹೆಸರಿನಲ್ಲಿರುತ್ತದೆ, ಮೇಲ್ವಿಚಾರಕರ ಪ್ರಮಾಣಪತ್ರ ಕಚೇರಿಯ ಗೋಡೆಯ ಮೇಲಿರುತ್ತದೆ, ಸ್ಕ್ರೂ ಡ್ರೈವರ್ ಹಿಡಿದು ಬರುವವರು ಯಾವ ಪರ್ಮಿಟೂ ಇಲ್ಲದ ಇಬ್ಬರು ಹುಡುಗರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಕಳವಳ ಇದೆ. ತೇವದ ನೆಲದ ಮೇಲೆ, ರಬ್ಬರ್ ಚಪ್ಪಲಿಯಲ್ಲಿ, ಪಾಲಿಯೆಸ್ಟರ್ ಅಂಗಿಯಲ್ಲಿ ನಿಂತು ಅವರು ತೆರೆಯುವುದು ದೊಡ್ಡ ಪ್ರಮಾಣದ ಶಾರ್ಟ್ ಸರ್ಕ್ಯೂಟ್ ಕರೆಂಟು ಹರಿಯಬಲ್ಲ ಪ್ಯಾನೆಲನ್ನು. ಅಲ್ಲಿ ಒಂದು ಸ್ಪ್ಯಾನರ್ ಎರಡು ಬಸ್‌ಬಾರುಗಳ ನಡುವೆ ಬಿದ್ದರೆ ಏಳುವ ಆರ್ಕಿನ ಬೆಂಕಿ ಚರ್ಮವನ್ನು ಸುಡುತ್ತದೆ, ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಹೀಗಾಗಿ ಒಪ್ಪಂದ ಮಾಡುವಾಗ ಕಂಪೆನಿಯ ಪರವಾನಗಿಯ ಪ್ರತಿಯನ್ನಷ್ಟೇ ಪಡೆದು ಸುಮ್ಮನಾಗಬೇಡಿ. ಪ್ರತಿ ಭೇಟಿಗೆ ಬರುವವರ ಹೆಸರು ಮತ್ತು ಪರ್ಮಿಟ್ ಸಂಖ್ಯೆ ಮುಂಚಿತವಾಗಿ ತಿಳಿಸಬೇಕು, ಪ್ಯಾನೆಲ್ ತೆರೆಯುವ ದಿನ ಮೇಲ್ವಿಚಾರಕರು ಸ್ಥಳದಲ್ಲಿರಬೇಕು ಎಂಬ ಎರಡು ಸಾಲುಗಳನ್ನು ಒಪ್ಪಂದಪತ್ರದಲ್ಲೇ ಬರೆಸಿ. ಈ ಸಾಲುಗಳಿಗೆ ಒಪ್ಪದ ಕಂಪೆನಿಯ ದರ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡುವುದೇ ಮೇಲು.

ಕಂಪೆನಿ ಎಲ್ಲಿಯದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೊಚ್ಚಿಯ ತಂಡಕ್ಕೆ ಕೇರಳದ ಪರವಾನಗಿ ಇರುವ ಸಂಭವ ಹೆಚ್ಚು, ಆದರೆ ತುರ್ತಿಗೆ ಬರಬೇಕಾದರೆ ಒಂದು ದಿನ ಹೋಗುತ್ತದೆ. ಮಂಗಳೂರಿನ ತಂಡ ಬೇಗ ಬರುತ್ತದೆ, ಪರವಾನಗಿಯ ಪ್ರಶ್ನೆ ಹಿಂದೆ ಹೇಳಿದಂತೆ ಉಳಿಯುತ್ತದೆ. ಒಂದು ಪಂಪು ಕೆಟ್ಟು ಕೂತ ಪ್ರತಿ ದಿನವೂ ಕಟ್ಟಡಕ್ಕೆ ರಕ್ಷಣೆ ಕಡಿಮೆಯಾದ ದಿನವೇ ಆದ್ದರಿಂದ, ಎಷ್ಟು ಗಂಟೆಯೊಳಗೆ ಬರುತ್ತಾರೆ ಎಂಬುದನ್ನು ಒಪ್ಪಂದದಲ್ಲಿ ಅಂಕಿಯಾಗಿ ಬರೆಸುವುದು ನ್ಯಾಯ.

ತಯಾರಕರ ಸರ್ವಿಸ್ ಎಂಜಿನಿಯರ್

ಎಲೆಕ್ಟ್ರಾನಿಕ್ ಕಂಟ್ರೋಲರ್, ಸಾಫ್ಟ್ ಸ್ಟಾರ್ಟರ್, ಡೀಸೆಲ್ ಎಂಜಿನ್ನಿನ ನಿಯಂತ್ರಣ ಪೆಟ್ಟಿಗೆಗಳು ಕೆಟ್ಟಾಗ ಬೇರೆ ದಾರಿಯಿಲ್ಲ. ತುಲಾಮಾಸದ (ಅಕ್ಟೋಬರ್-ನವೆಂಬರ್) ಗುಡುಗು ಸಿಡಿಲಿನ ನಂತರ ನಮ್ಮ ಕಡೆ ಇಂಥ ಕರೆಗಳು ಹೆಚ್ಚು. ನಿಜವಾದ ಬಿಡಿಭಾಗ, ಮೂಲ ನಕ್ಷೆ, ಆ ಮಾದರಿಯದೇ ತರಬೇತಿ, ಮೂರೂ ಇವರಲ್ಲಿ ಸಿಗುತ್ತವೆ. ಭೇಟಿಯ ಶುಲ್ಕ ಹೆಚ್ಚು, ದಿನ ಸಿಗುವುದು ಕಷ್ಟ. ಅವರಿಗೆ ತಮ್ಮ ಪೆಟ್ಟಿಗೆಯ ಒಳಗಿನದೆಲ್ಲ ಗೊತ್ತಿದ್ದರೂ ನಿಮ್ಮ ಕಟ್ಟಡದ ಕೇಬಲು ಗೊತ್ತಿರುವುದಿಲ್ಲ. ಜನರೇಟರಿನ ಚೇಂಜ್‌ಓವರ್ ಯಾವ ಕೋಣೆಯಲ್ಲಿದೆ, ಹೀಟರಿನ ಲೈನು ಯಾವ ಬೋರ್ಡಿನಿಂದ ಬಂದಿದೆ ಎಂದು ತೋರಿಸಲು ಊರಿನ ಅರ್ಹ ವಯರ್‌ಮನ್ ಆ ದಿನ ಜತೆಯಲ್ಲಿರಲೇಬೇಕು.

ನಾನು ಯಾವುದನ್ನು ಆರಿಸುತ್ತೇನೆ

ಒಬ್ಬರನ್ನೇ ಆರಿಸಿ ಎಲ್ಲವನ್ನೂ ಅವರಿಗೊಪ್ಪಿಸುವುದಕ್ಕಿಂತ, ಕೆಲಸವನ್ನು ಅಪಾಯದ ಮೇಲೆ ಮೂರಾಗಿ ವಿಂಗಡಿಸಿ ಕೊಡುವುದು ಉತ್ತಮವೆಂಬುದು ನನ್ನ ಖಚಿತ ಅಭಿಪ್ರಾಯ. ಪ್ಯಾನೆಲಿನ ಬಾಗಿಲು ಮುಚ್ಚಿಯೇ ಮಾಡುವ ವಾರದ ಕೆಲಸಗಳು ಕಟ್ಟಡದ ಸ್ವಂತ ನೌಕರನಿಗೆ ಇರಲಿ: ಗೇಜಿನ ಅಂಕಿ ಬರೆಯುವುದು, ಡ್ರೈನ್ ವಾಲ್ವ್ ತೆರೆದು ಪಂಪು ತಾನಾಗಿ ಏಳುತ್ತದೆಯೇ ನೋಡುವುದು, ಡೀಸೆಲ್ ಮಟ್ಟ ಮತ್ತು ಬ್ಯಾಟರಿಯ ವೋಲ್ಟೇಜ್ ಗಮನಿಸುವುದು. ಅವನಿಗೆ ಪ್ಯಾನೆಲಿನ ಬೀಗದ ಕೈ ಕೊಡಬಾರದು. ವಿದ್ಯುತ್ ಕಡಿದು ಮಾಡುವ ಕೆಲಸಗಳು ಕೇರಳದ ಪರ್ಮಿಟ್ ಇರುವ ವಯರ್‌ಮನ್ನಿಗೆ, ಯಾಂತ್ರಿಕ ಭಾಗಕ್ಕೆ ಬೇಕಾದಾಗ ಅವರ ಜತೆ ಮೆಕ್ಯಾನಿಕ್. ವಿದ್ಯುತ್ ಇರುವಾಗಲೇ ಮಾಡಬೇಕಾದ ಅಳತೆಗಳು, ಕಂಟ್ರೋಲಿನ ಹೊಂದಿಕೆ, ವರ್ಷಕ್ಕೊಮ್ಮೆಯ ಹರಿವಿನ ಪರೀಕ್ಷೆ, ಇವು ಒಪ್ಪಂದದ ಕಂಪೆನಿಯ ಅರ್ಹ ಮೇಲ್ವಿಚಾರಕರಿಗೆ. ಚಿಕ್ಕ ಕಟ್ಟಡದಲ್ಲಿ ಜಾಕಿ ಮತ್ತು ಒಂದೇ ವಿದ್ಯುತ್ ಪಂಪು, ಸರಳ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇದ್ದರೆ ಒಳ್ಳೆಯ ಗುತ್ತಿಗೆದಾರರೊಬ್ಬರೇ ಎರಡನೆಯದನ್ನೂ ಮೂರನೆಯದನ್ನೂ ಮಾಡಬಹುದು. ಆಸ್ಪತ್ರೆಗೂ ಎತ್ತರದ ಫ್ಲ್ಯಾಟಿಗೂ ನಾನು ಹಾಗೆ ಹೇಳಲಾರೆ.

ಯಾರನ್ನು ಕರೆದರೂ ಕೆಲಸ ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಪ್ಯಾನೆಲಿನಲ್ಲಿ ವಿದ್ಯುತ್ ಇಲ್ಲ ಎಂಬುದನ್ನು ನೀವು ಹೇಗೆ ಖಚಿತಪಡಿಸಿಕೊಳ್ಳುತ್ತೀರಿ? ಮೇನ್ ಆಫ್ ಮಾಡುತ್ತೇವೆ ಎಂದಷ್ಟೇ ಹೇಳುವವರಿಗೆ ಈ ಕೆಲಸ ಕೊಡಬೇಡಿ. ಬಲ್ಲವರ ಉತ್ತರ ಹೀಗಿರುತ್ತದೆ. ಮೊದಲು ನಕ್ಷೆ ನೋಡಿ ಎಲ್ಲ ಮೂಲಗಳನ್ನೂ ಪಟ್ಟಿ ಮಾಡುತ್ತಾರೆ: ಕೆಎಸ್‌ಇಬಿ, ಜನರೇಟರ್, ಹೀಟರ್, ಚಾರ್ಜರ್, ಅಲಾರಂ ಸಂಜ್ಞೆ. ಪ್ರತಿಯೊಂದನ್ನೂ ಕಡಿದು, ಕೆಲಸ ಮಾಡುವ ಪ್ರತಿಯೊಬ್ಬನೂ ತನ್ನದೇ ಬೀಗ ಹಾಕಿ ಕೀಲಿಯನ್ನು ತನ್ನ ಜೇಬಿನಲ್ಲಿಟ್ಟುಕೊಳ್ಳುತ್ತಾನೆ, ಹೆಸರು ಬರೆದ ಫಲಕ ತೂಗುಹಾಕುತ್ತಾನೆ. ಜನರೇಟರಿನ ಸೆಲೆಕ್ಟರನ್ನೂ ಆಟೋದಿಂದ ತೆಗೆದಿರುತ್ತಾರೆ. ಕೆಪಾಸಿಟರಿಗೆ ಸಮಯ ಕೊಡುತ್ತಾರೆ. ಆಮೇಲೆ ಟೆಸ್ಟರನ್ನು ವಿದ್ಯುತ್ ಇರುವುದು ಗೊತ್ತಿರುವ ಒಂದು ಜಾಗದಲ್ಲಿ ಪರೀಕ್ಷಿಸಿ, ಪ್ಯಾನೆಲಿನ ಮೂರೂ ಫೇಸುಗಳನ್ನು ಪರಸ್ಪರವೂ ಅರ್ಥಿಗೂ ಅಳೆದು, ಟೆಸ್ಟರು ಕೆಟ್ಟಿಲ್ಲವೆಂದು ತಿಳಿಯಲು ಮತ್ತೆ ಮೊದಲಿನ ಜಾಗದಲ್ಲಿ ನೋಡುತ್ತಾರೆ. ಈ ಮೂರು ಹೆಜ್ಜೆಗಳಲ್ಲಿ ಕೊನೆಯದನ್ನು ಬಿಡುವವರೇ ಹೆಚ್ಚು, ಅಳೆಯುವ ನಡುವೆ ಕೆಟ್ಟ ಟೆಸ್ಟರು ಸಿಕ್ಕಿಬೀಳುವುದು ಅದೊಂದರಲ್ಲೇ. ನಿಯಾನ್ ದೀಪದ ಸ್ಕ್ರೂ ಡ್ರೈವರ್ ಇದಕ್ಕೆ ಸಲ್ಲದು. ಕ್ಯಾಟ್ ಮೂರು ಅಥವಾ ನಾಲ್ಕು (ಮೀಟರಿನ ಸುರಕ್ಷತಾ ದರ್ಜೆ), 600 ವೋಲ್ಟ್ ಎಂದು ಬರೆದಿರುವ ಮೀಟರ್ ಬೇಕು.

ಬರುವವರ ಚೀಲವನ್ನೂ ನೋಡಬಹುದು, ಅದರಲ್ಲಿ ಸಂಕೋಚ ಬೇಡ. 1,000 ವೋಲ್ಟಿನವರೆಗೆ ಬಳಸಬಹುದಾದ ಕ್ಲಾಸ್ 0 ರಬ್ಬರ್ ಗ್ಲೌಸು, ಅದರ ಮೇಲೆ ಹಾಕುವ ಚರ್ಮದ ಗ್ಲೌಸು, ಕಣ್ಣು ಮುಖ ಮುಚ್ಚುವ ಶೀಲ್ಡ್, ಹತ್ತಿಯ ಪೂರ್ಣ ತೋಳಿನ ಬಟ್ಟೆ, ಒಣ ಸುರಕ್ಷತಾ ಬೂಟುಗಳು ಅಲ್ಲಿರಬೇಕು. ಗ್ಲೌಸಿಗೆ ಗಾಳಿ ತುಂಬಿ ತೂತು ನೋಡಿಕೊಂಡು ಹಾಕುವವನು ಕಲಿತವನು ಎಂದು ತಿಳಿಯಬಹುದು. ಕಟ್ಟಡದವರ ಪಾಲಿನದೂ ಇದೆ. ಪ್ಯಾನೆಲಿನ ಮುಂದೆ ಐಎಸ್ 15652 ಗುರುತಿನ ಇನ್ಸುಲೇಟಿಂಗ್ ಮ್ಯಾಟ್ ಹಾಸಬೇಕು, ಪಂಪ್ ಕೋಣೆಯ ನೀರನ್ನು ಹೊರಹಾಕಿ ಒಣಗಿಸಿರಬೇಕು, ಕೈದೀಪವನ್ನೂ ಡ್ರಿಲ್ಲನ್ನೂ 30 ಮಿಲಿಆಂಪಿಯರಿನ ಆರ್‌ಸಿಸಿಬಿಯ (ವಿದ್ಯುತ್ ಸೋರಿದರೆ ಕಡಿಯುವ ಸ್ವಿಚ್ಚಿನ) ಮೂಲಕ ಕೊಡಬೇಕು, ಹಳೆಯ ಪೇಂಟು ಡಬ್ಬಗಳನ್ನೂ ಒಡೆದ ಕುರ್ಚಿಗಳನ್ನೂ ಅಲ್ಲಿಂದ ತೆಗೆಸಬೇಕು.

ಡೀಸೆಲ್ ಪಂಪಿನ ಬದಿಯಲ್ಲಿ 12 ಅಥವಾ 24 ವೋಲ್ಟ್ ಮಾತ್ರ ಎಂದು ಹಗುರವಾಗಿ ಎಣಿಸುವವರಿದ್ದಾರೆ. ಆ ವೋಲ್ಟೇಜು ಶಾಕ್ ಕೊಡದಿರಬಹುದು. ಆದರೆ ಸ್ಪ್ಯಾನರೊಂದು ಎರಡು ತುದಿಗಳಿಗೆ ತಾಗಿದರೆ ಕೆಂಪಗೆ ಕಾಯುವಷ್ಟು ಕರೆಂಟು ಹರಿಯುತ್ತದೆ. ಚಾರ್ಜಾಗುವಾಗ ಹೊರಡುವ ಹೈಡ್ರೋಜನ್ ಗಾಳಿಯಲ್ಲಿ 4 ಶೇಕಡಾ ತಲುಪಿದರೆ ಒಂದು ಕಿಡಿ ಸಾಕು. ಚಾರ್ಜರ್ ಆಫ್ ಮಾಡಿ, ಋಣ ತುದಿಯನ್ನು ಮೊದಲು ಬಿಚ್ಚಿ ಕೊನೆಗೆ ಜೋಡಿಸಬೇಕು. ಎಂಜಿನ್ ತಾನಾಗಿ ಏಳುವಂಥದ್ದಾದ್ದರಿಂದ ಬ್ಯಾಟರಿಯ ಎರಡೂ ಸೆಟ್ಟುಗಳನ್ನು ಬೇರ್ಪಡಿಸದೆ ಬೆಲ್ಟಿನ ಹತ್ತಿರ ಕೈ ಹಾಕಬಾರದು.

ಸರ್ವಿಸಿನ ದಿನದ ಇನ್ನೊಂದು ನಿಯಮವನ್ನು ಆಡಳಿತದವರೇ ಕಾಯಬೇಕು. ವಿದ್ಯುತ್ ಪಂಪಿನ ಕೆಲಸ ನಡೆಯುವಾಗ ಡೀಸೆಲ್ ಪಂಪು ಆಟೋದಲ್ಲಿರಬೇಕು, ಡೀಸೆಲ್ ಪಂಪಿನದು ನಡೆಯುವಾಗ ವಿದ್ಯುತ್ ಪಂಪು. ಎರಡನ್ನೂ ಒಂದೇ ದಿನ ಬಿಚ್ಚಿ ಮುಗಿಸಿಬಿಡುತ್ತೇವೆ ಎಂಬ ಮಾತಿಗೆ ಒಪ್ಪಬೇಡಿ. ಜೀವಂತವಾಗಿರುವ ಪಂಪಿನ ಹತ್ತಿರ ಕೆಲಸಗಾರರು ಹೋಗದಂತೆ ನಡುವೆ ತಡೆ ಕಟ್ಟಿ, ಅದು ಯಾವಾಗ ಬೇಕಾದರೂ ಎದ್ದೇಳಬಹುದೆಂದು ಎಲ್ಲರಿಗೂ ಅವರವರ ಮಾತಿನಲ್ಲೇ ತಿಳಿಸಬೇಕು. ಒಂದೇ ಪಂಪಿರುವ ಕಟ್ಟಡದಲ್ಲಿ ಕೆಲಸ ಮುಗಿಯುವವರೆಗೆ ಮಹಡಿಗಳಲ್ಲಿ ಓಡಾಡಿ ನೋಡುವ ಒಬ್ಬ ಕಾವಲಿನವನನ್ನು ನೇಮಿಸಿ, ವೆಲ್ಡಿಂಗಿನಂಥ ಬೆಂಕಿಯ ಕೆಲಸಗಳನ್ನು ಆ ದಿನ ನಿಲ್ಲಿಸಬೇಕು.

ಹಣ ಕೊಡುವ ಮೊದಲು ಆಡಳಿತದ ಒಬ್ಬರು ಪಂಪ್ ಕೋಣೆಗೆ ಇಳಿದು ಹೋಗಬೇಕು. ಬೀಗಗಳೆಲ್ಲ ತೆಗೆದಿವೆಯೇ, ವಾಲ್ವುಗಳು ತೆರೆದಿವೆಯೇ, ಜಾಕಿ, ಮುಖ್ಯ, ಡೀಸೆಲ್ ಮೂರರ ಸೆಲೆಕ್ಟರುಗಳೂ ಜನರೇಟರಿನದೂ ಆಟೋಗೆ ಮರಳಿವೆಯೇ, ಚಾರ್ಜರ್ ಚಾಲೂ ಇದೆಯೇ ಎಂದು ಸ್ವತಃ ನೋಡಬೇಕು. ಆಮೇಲೆ ಡ್ರೈನ್ ವಾಲ್ವ್ ತೆರೆಸಿ, ಯಾರೂ ಬಟನ್ ಮುಟ್ಟದೆ ಪಂಪು ಎದ್ದದ್ದನ್ನು ಕಣ್ಣಾರೆ ಕಂಡು, ಎದ್ದ ಒತ್ತಡವನ್ನೂ ಮೂರು ಫೇಸಿನ ಆಂಪಿಯರುಗಳನ್ನೂ ಕೆಲಸ ಮಾಡಿದವರ ಹೆಸರು ಮತ್ತು ಪರ್ಮಿಟ್ ಸಂಖ್ಯೆಯೊಂದಿಗೆ ಪುಸ್ತಕದಲ್ಲಿ ಬರೆಸಿ ಸಹಿ ಮಾಡಿಸಿಕೊಳ್ಳಬೇಕು.